ಬೀದಿಯ ಮೊದಲ ಮನೆ

ಆ ಸಲ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಯಿತು. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಕೂತಿದ್ದ ಗೋದಾಮಿನ ಯಜಮಾನರು ಕೆಲವು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಯೋಚನೆ ಮಾಡಿ, ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹೆಂಗಸನ್ನು ಚುನಾವಣೆಗೆ ನಿಲ್ಲಿಸಿದರು.

ಊರಿನವರು ಅವಳನ್ನು ಗಿರಣಿಯಮ್ಮ ಎನ್ನುತ್ತಿದ್ದರು. ದಿನವಿಡೀ ಯಂತ್ರದ ಪಕ್ಕದಲ್ಲಿ ನಿಂತು ನಿಂತು ಅವಳಿಗೆ ಎದುರಿನವರ ಮಾತು ಅರ್ಧ ಕೇಳಿಸುತ್ತಿತ್ತು, ಉಳಿದರ್ಧ ಅಂದಾಜು. ಯಾರು ಏನೆಂದರೂ ಮೊದಲು ತಲೆಯಾಡಿಸಿಬಿಡುವುದು ರೂಢಿಯಾಗಿತ್ತು. "ನಮಗೆ ಬೇಕಾಗಿರೋದು ಆ ತಲೆನೇ" ಎಂದು ಯಜಮಾನರು ಆಪ್ತರ ಮುಂದೆ ಹೇಳಿದ್ದು ಊರಿಗೆಲ್ಲ ಗೊತ್ತಾಯಿತು. ಅವಳಿಗೂ ಗೊತ್ತಾಯಿತು.

ಅವಳ ಗಂಡನಿಗೆ ಈ ವಿಷಯದಲ್ಲಿ ಆಸೆಯೂ ಇರಲಿಲ್ಲ, ಅಡ್ಡಿಯೂ ಇರಲಿಲ್ಲ. "ಸಭೆ ಇದ್ದ ದಿನ ಗಿರಣಿ ನಾನು ನೋಡ್ಕೋತೀನಿ. ಅಲ್ಲಿಗೆ ಮಾತ್ರ ನನ್ನ ಕರೀಬೇಡ" ಎಂದ.

ಓಟು ಕೇಳಿದವಳು ಗಿರಣಿಯಮ್ಮನ ಅಕ್ಕ. ಅವಳು ಬಟ್ಟೆ ಹೊಲಿಯುತ್ತಿದ್ದಳು, ಊರಿಗೆ ಅವಳು ಹೊಲಿಗೆಯಕ್ಕ. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ತಂಗಿಯ ತಲೆ ಬಾಚಿ ಶಾಲೆಗೆ ಕಳಿಸಿದವಳೂ ಅವಳೇ, ಮದುವೆ ಮಾಡಿ ಕಳಿಸಿದವಳೂ ಅವಳೇ. ಊರಿನ ಅರ್ಧಕ್ಕರ್ಧ ಜನರ ಅಳತೆ ಅವಳಿಗೆ ಬಾಯಿಪಾಠವಾಗಿತ್ತು. ಕೊರಳಿಗೆ ಟೇಪು ಹಾಕಿಕೊಂಡೇ ಮನೆಮನೆಗೆ ಹೋಗಿ, "ನನ್ನ ತಂಗಿ ಮಾತು ಕಡಿಮೆ, ಆದ್ರೆ ಹಿಡಿದ ಕೆಲಸ ಬಿಡೋಳಲ್ಲ. ನಂಬಿ ಹಾಕಿ" ಎಂದಳು. ಜನ ಹಾಕಿದರು. ಗೆದ್ದ ಸದಸ್ಯರು ಯಜಮಾನರ ಕಣ್ಸನ್ನೆಯಂತೆ ಅವಳನ್ನು ಅಧ್ಯಕ್ಷೆಯನ್ನಾಗಿ ಆರಿಸಿದರು. ಯಜಮಾನರೂ ಸದಸ್ಯರಾಗಿ ಪಕ್ಕದ ಕುರ್ಚಿಯಲ್ಲಿ ಕೂತರು.

ಮೊದಲ ವರ್ಷ ಹೇಳುವಂಥದ್ದೇನೂ ನಡೆಯಲಿಲ್ಲ. ಕಾರ್ಯದರ್ಶಿ ವಿಷಯ ಓದುತ್ತಿದ್ದ, ಯಜಮಾನರು ಆಗಲಿ ಎನ್ನುತ್ತಿದ್ದರು, ಅವಳು ತಲೆಯಾಡಿಸುತ್ತಿದ್ದಳು. ಇನ್ನೂ ಮೂವರು ಹೆಂಗಸರು ಸದಸ್ಯರಿದ್ದರು. ಅವರಲ್ಲಿ ಹಾಲು ಮಾರುವವಳೊಬ್ಬಳು ಮಾತ್ರ ಪ್ರತಿ ಸಭೆಯ ಕೊನೆಗೆ ಎದ್ದು, "ನಮ್ಮ ಕೇರಿಯ ಚರಂಡಿ ಏನಾಯ್ತು?" ಎಂದು ಕೇಳುತ್ತಿದ್ದಳು. ಅಷ್ಟು ಹೊತ್ತಿಗೆ ಚಹಾ ಬಂದಿರುತ್ತಿತ್ತು.

ಎರಡನೇ ವರ್ಷ ಗೆದ್ದ ಹೆಂಗಸರಿಗೆಂದು ಪಟ್ಟಣದಲ್ಲಿ ತರಬೇತಿ ಇಟ್ಟರು. ಗಿರಣಿಯಮ್ಮ ಹೋದದ್ದು ಯಜಮಾನರೇ, "ಹೋಗಿ ಬಾಮ್ಮ, ಸಹಿ ಹಾಕಿ ಊಟ ಮಾಡಿ ಬರೋದಷ್ಟೆ" ಎಂದು ಕಳಿಸಿದ್ದರಿಂದ. ಕಲಿಸಲು ಬಂದವಳು ಹಿಂದೆ ತಾನೂ ಎಲ್ಲೋ ಅಧ್ಯಕ್ಷೆಯಾಗಿದ್ದು ಮುಂದಿನ ಚುನಾವಣೆಯಲ್ಲಿ ಸೋತಿದ್ದ ಹೆಂಗಸು. ಆ ಸೋಲನ್ನು ಅವಳು ಮುಚ್ಚಿಡಲಿಲ್ಲ. ಮೊದಲ ದಿನವೇ ಒಂದು ಪ್ರಶ್ನೆ ಕೇಳಿದಳು.

"ನಿಮ್ಮ ಸಭೆಯಲ್ಲಿ ಯಾವ ವಿಷಯ ಮಾತಾಡಬೇಕು ಅಂತ ತೀರ್ಮಾನ ಮಾಡೋದು ಯಾರು?"

"ಅಧ್ಯಕ್ಷರು" ಎಂದು ಎಲ್ಲರೂ ಒಟ್ಟಿಗೆ ಹೇಳಿದರು.

"ಪುಸ್ತಕದಲ್ಲಿರೋದು ನನಗೂ ಗೊತ್ತು. ನಿಮ್ಮೂರಲ್ಲಿ ಯಾರು?"

ಒಬ್ಬಳು ನನ್ನ ಮೈದುನ ಎಂದಳು. ಇನ್ನೊಬ್ಬಳು ಕಾರ್ಯದರ್ಶಿ ಎಂದಳು. ಗಿರಣಿಯಮ್ಮನ ಸರದಿ ಬಂದಾಗ ಅವಳು "ಗೋದಾಮು" ಎಂದಳು. ಕೋಣೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಆದರೆ ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಅದನ್ನು ನೆನೆದು ಅವಳಿಗೆ ನಗು ಬರಲಿಲ್ಲ.

ಮರುದಿನ ಅವಳು ಪಂಚಾಯಿತಿ ಕಚೇರಿಗೆ ಹೋಗಿ ಕಾರ್ಯದರ್ಶಿಯ ಎದುರು ಕೂತಳು.

"ಮುಂದಿನ ಸಭೆಗೆ ಚರಂಡಿ ವಿಷಯ ಹಾಕಿ. ಮೊದಲನೇದಾಗಿ ಹಾಕಿ."

ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. "ಯಜಮಾನರಿಗೆ ಒಂದು ಮಾತು..."

"ಸಭೆಗೆ ಅವರೂ ಬರ್ತಾರಲ್ಲ, ಅಲ್ಲೇ ಕೇಳ್ತಾರೆ ಬಿಡಿ."

ಚರಂಡಿಯ ಕಥೆ ದೊಡ್ಡದೇನಲ್ಲ. ಊರಿನ ಮುಖ್ಯ ಬೀದಿಯ ಒಂದು ಬದಿಗೆ ಹಳೆಯ ಚರಂಡಿ ಇತ್ತು. ಕಾಲಕ್ರಮದಲ್ಲಿ ಒಬ್ಬೊಬ್ಬರೇ ಅದರ ಮೇಲೆ ಕಲ್ಲು ಚಾಚಿದರು. ಯಾರೋ ಮೆಟ್ಟಿಲು ಕಟ್ಟಿಕೊಂಡರು, ಯಾರೋ ಅಂಗಡಿ ಮುಂದೆ ತಂದರು. ಯಜಮಾನರು ಗೋದಾಮಿನ ಮುಂದೆ ಲಾರಿಯಿಂದ ಮೂಟೆ ಇಳಿಸಲು ಉದ್ದನೆಯ ಕಟ್ಟೆಯನ್ನೇ ಕಟ್ಟಿಸಿದರು. ಚರಂಡಿ ಉಸಿರು ಕಟ್ಟಿ ಸತ್ತಿತು. ಮಳೆ ಜೋರಾದರೆ ನೀರು ಬೀದಿಯ ಕೊನೆಯ ತಗ್ಗಿನ ಕೇರಿಗೆ, ಹಾಲಿನವಳ ಮನೆ ಇದ್ದ ಕಡೆಗೆ ನುಗ್ಗುತ್ತಿತ್ತು. ಆ ಕೇರಿಯವರು ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಮಲಗುವುದನ್ನು ಕಲಿತಿದ್ದರು.

ಸಭೆಯ ದಿನ ಕಾರ್ಯದರ್ಶಿ ವಿಷಯ ಓದಿ ಮುಗಿಸಿದಾಗ ಎಲ್ಲರೂ ಯಜಮಾನರ ಮುಖ ನೋಡಿದರು. ಅವರು ಕೋಪಿಸಿಕೊಳ್ಳಲಿಲ್ಲ.

"ಒಳ್ಳೇ ಕೆಲಸ. ಮಾಡೋಣ. ಚರಂಡಿ ಅಂದ್ಮೇಲೆ ಮೇಲಿಂದ ಕೆಳಕ್ಕೆ ಬರಬೇಕು, ಅಲ್ವಾ? ಬೀದಿಯ ಮೊದಲನೇ ಮನೆಯಿಂದ ಶುರು ಮಾಡೋಣ." ಅವರು ಕಾರ್ಯದರ್ಶಿಯ ಕಡೆ ತಿರುಗಿದರು. "ಮೊದಲನೇ ಮನೆ ಯಾರದಪ್ಪ?"

ಯಾರದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಬ್ಬಿಬ್ಬರು ಮೀಸೆಯಡಿ ನಕ್ಕರು. ಮೊದಲನೇ ಮನೆ ಹೊಲಿಗೆಯಕ್ಕನದು. ಅವಳ ಗಂಡ ಗಾರೆ ಕೆಲಸದವನು. ರಜೆಯ ದಿನಗಳಲ್ಲಿ, ಬೇರೆಯವರ ಕೆಲಸದಲ್ಲಿ ಉಳಿದ ಇಟ್ಟಿಗೆ ತಂದು, ಚರಂಡಿಯ ಮೇಲೆ ಹೆಂಡತಿಗೊಂದು ಕೋಣೆ ಕಟ್ಟಿಕೊಟ್ಟಿದ್ದ. ಬೀದಿಗೆ ದೊಡ್ಡ ಕಿಟಕಿ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಬಟ್ಟೆ ತೂಗುಹಾಕುವ ಕಂಬಿ. ಆ ಮನೆಯಲ್ಲಿ ಬೆಳಕಿದ್ದದ್ದು ಆ ಕೋಣೆಯಲ್ಲಿ ಮಾತ್ರ.

ಯಜಮಾನರು ಹಾವೂ ಸಾಯದಂತೆ ಕೋಲೂ ಮುರಿಯದಂತೆ ಕೆಲಸ ಮುಗಿಸಿದ್ದರು. ಅಧ್ಯಕ್ಷೆ ಈ ವಿಷಯವನ್ನು ಮುಂದಿನ ಸಭೆಗೆ ಹಾಕುತ್ತಾಳೆ, ಅಲ್ಲಿಂದ ಅದರ ಮುಂದಿನ ಸಭೆಗೆ. ಅಷ್ಟರಲ್ಲಿ ಅವಧಿಯೇ ಮುಗಿಯುತ್ತದೆ ಎಂಬುದು ಅವರ ಲೆಕ್ಕ.

ಗಿರಣಿಯಮ್ಮ ತಲೆಯಾಡಿಸಲಿಲ್ಲ. ಮೇಜಿನ ಮೇಲಿನ ನೀರು ಕುಡಿದಳು.

"ಸರಿ. ಮೊದಲನೇ ಮನೆಯಿಂದಲೇ. ಬರ್ಕೊಳ್ಳಿ" ಎಂದಳು. "ಮೊದಲನೇ ಮನೆಯಿಂದ ಕೊನೇ ಮನೆತನಕ, ನಡುವೆ ಒಂದನ್ನೂ ಬಿಡದೆ. ಯಜಮಾನರೇ ಸೂಚಿಸಿದ್ದಾರೆ ಅಂತಾನೂ ಬರ್ಕೊಳ್ಳಿ. ಕೈ ಎತ್ತಿ."

ಹಾಲಿನವಳ ಕೈ ಮೊದಲು ಎದ್ದಿತು. ಉಳಿದ ಹೆಂಗಸರ ಕೈ ಎದ್ದವು. ಯಜಮಾನರು ತಾವೇ ಸೂಚಿಸಿದ್ದಕ್ಕೆ ಕೈ ಎತ್ತದೆ ಇರುವಂತಿರಲಿಲ್ಲ.

ಅಲ್ಲಿಂದ ಅವಳು ಗಿರಣಿಗೆ ಹೋಗದೆ ಅಕ್ಕನ ಮನೆಗೆ ಹೋದಳು. ಸುದ್ದಿ ಅವಳಿಗಿಂತ ಮುಂಚೆಯೇ ತಲುಪಿತ್ತು. ಅಕ್ಕ ಯಂತ್ರದಿಂದ ಕಾಲು ತೆಗೆಯಲಿಲ್ಲ.

"ಬಾ. ಕೋಣೆ ಅಳೆಯೋಕೆ ಬಂದ್ಯಾ? ಟೇಪು ನನ್ನ ಹತ್ರಾನೇ ಇದೆ, ತಗೋ."

"ಅಕ್ಕ, ಹಾಗಲ್ಲ ಕಣೇ."

"ಹಾಗಲ್ಲದೆ ಇನ್ನೇನು? ನಿನಗೆ ಓಟು ಹಾಕಿ ಅಂತ ಊರೆಲ್ಲ ಹೇಳ್ಕೊಂಡು ಬಂದ ಬಾಯಿ ಇದು. ಆಗ ಈ ಕೋಣೆ ಚರಂಡಿ ಮೇಲಿರೋದು ನಿನಗೆ ಕಾಣಲಿಲ್ಲ ಅಲ್ವಾ?"

"ಕಾಣಿಸ್ತಿತ್ತು."

ಅಕ್ಕ ಯಂತ್ರ ನಿಲ್ಲಿಸಿದಳು. ಸ್ವರ ತಗ್ಗಿಸಿದಳು. "ನೋಡು, ಗೋದಾಮಿನ ಕಟ್ಟೆಯಿಂದ ಶುರು ಮಾಡು. ಅದು ಬಿದ್ದ ದಿನ ನಾನೇ ಈ ಗೋಡೆಗೆ ಹಾರೆ ಹಾಕ್ತೀನಿ. ಮಾತು ಅಂದ್ರೆ ಮಾತು."

"ಅದು ಬೀಳಲ್ಲ ಅಕ್ಕ. ಅವರು ಕಾಯ್ತಿರೋದೇ ಅದಕ್ಕೆ, ನಾನು ಬಂದು ನಿನ್ನ ಮನೆ ಬಿಟ್ಟು ಮುಂದಕ್ಕೆ ಹೋಗಲಿ ಅಂತ. ನಿನ್ನ ಗೋಡೆ ನಿಂತಿದ್ರೆ ಈ ಬೀದಿಯಲ್ಲಿ ಒಂದು ಕಲ್ಲೂ ಅಲುಗಾಡಲ್ಲ."

"ಅಂದ್ರೆ ಅವರ ಕಟ್ಟೆ ಕೆಡವೋಕೆ ನನ್ನ ಹೊಟ್ಟೆ ಮೇಲೆ ಹೊಡೀತೀಯ."

ಅಕ್ಕ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಒಳಗಿನ ಕೋಣೆಗೆ ದೊಡ್ಡ ದೀಪ ಹಾಕಿಸೋಣ" ಎಂದಳು ತಂಗಿ. ಹೇಳಿದ ಮೇಲೆ ಅದು ಎಂಥ ಮಾತೆಂದು ಅವಳಿಗೇ ತಿಳಿಯಿತು.

"ಹೋಗು" ಎಂದಳು ಅಕ್ಕ. "ನಾಳೆಯಿಂದ ನನಗೆ ತಂಗಿ ಇಲ್ಲ. ಪಂಚಾಯಿತಿಯವರು ಬರ್ತಾರೆ, ಪಂಚಾಯಿತಿಯವರ ಜೊತೆ ಮಾತಾಡ್ತೀನಿ."

ಕೋಣೆ ಕೆಡವುವ ದಿನ ಪಂಚಾಯಿತಿಯ ಆಳುಗಳು ಬಂದಾಗ ಭಾವ ಹಾರೆ ಹಿಡಿದು ಬಾಗಿಲಲ್ಲೇ ನಿಂತಿದ್ದ. ಜಗಳಕ್ಕೆ ನಿಂತಿದ್ದಾನೆಂದು ಅವರು ಹಿಂಜರಿದರು.

"ನೀವು ಮುಟ್ಟಬೇಡಿ. ಕಟ್ಟಿದವನು ನಾನು. ನೀವು ಹೊಡೆದ್ರೆ ಹಿಂದಿನ ಗೋಡೆಯೂ ಬಿರುಕು ಬಿಡುತ್ತೆ" ಎಂದು, ಮೇಲಿನಿಂದ ಒಂದೊಂದೇ ಇಟ್ಟಿಗೆ ಬಿಡಿಸಿ, ಒಡೆಯದೆ ಬದಿಗೆ ಜೋಡಿಸಿದ. ಕಿಟಕಿಯ ಚೌಕಟ್ಟನ್ನು ಕೊನೆಗೆ ತೆಗೆದ. ಗಿರಣಿಯಮ್ಮ ಬೀದಿಯ ಆಚೆ ಬದಿ ನಿಂತು ನೋಡುತ್ತಿದ್ದಳು. ಸಂಜೆಯವರೆಗೂ ಅಲ್ಲೇ ಇದ್ದಳು, ಕೂರಲಿಲ್ಲ. ಅಕ್ಕ ಒಮ್ಮೆಯೂ ಆ ಕಡೆ ಕಣ್ಣು ಹಾಯಿಸಲಿಲ್ಲ.

ಎರಡನೇ ಮನೆಯವರು, ಮೂರನೇ ಮನೆಯವರು ತಮ್ಮ ತಮ್ಮ ಮೆಟ್ಟಿಲನ್ನು ತಾವೇ ತೆಗೆದರು. ಅಧ್ಯಕ್ಷೆಯ ಅಕ್ಕನ ಕೋಣೆಯೇ ಹೋದ ಮೇಲೆ ಯಾವ ಬಾಯಿಂದ ಬೇಡವೆನ್ನುವುದು? ಹಾಗೆ ಕಳೆದುಕೊಂಡವರೆಲ್ಲ ಒಂದು ಗುಂಪಾದರು. ಕೆಲಸ ಗೋದಾಮಿನ ಹತ್ತಿರ ಬಂದಾಗ ಯಜಮಾನರು ಲಾರಿ ಬರಬೇಕು, ಸರಕು ಇಳಿಯಬೇಕು, ಸ್ವಲ್ಪ ಸಮಯ ಕೊಡಿ ಎಂದರು. ಗಿರಣಿಯಮ್ಮ ಏನೂ ಹೇಳಬೇಕಾಗಲಿಲ್ಲ. ಮೆಟ್ಟಿಲು ಕಳೆದುಕೊಂಡು ದಿನವೂ ಮಣೆ ಇಟ್ಟು ಮನೆಯೊಳಗೆ ಹತ್ತುತ್ತಿದ್ದ ಮುದುಕಿಯೊಬ್ಬಳು, "ನನಗೆ ಯಾರಪ್ಪ ಸಮಯ ಕೊಟ್ರು?" ಎಂದು ಕಟ್ಟೆಯ ಮೇಲೆ ಕೂತಳು. ಅವಳ ಹಿಂದೆ ಬೀದಿಯೇ ಬಂದು ನಿಂತಿತು. ಕಟ್ಟೆ ಹೋಯಿತು.

ಮುಂದಿನ ಮಳೆಗಾಲ ನೀರು ಚರಂಡಿಯಲ್ಲೇ ಹರಿಯಿತು. ಹಾಲಿನವಳು ಮಂಚದ ಕೆಳಗಿನ ಇಟ್ಟಿಗೆ ತೆಗೆದಳು. ಮಂಚ ತಗ್ಗಾಗಿ ಎರಡು ದಿನ ನಿದ್ದೆ ಬರಲಿಲ್ಲವೆಂದು ಎಲ್ಲರಿಗೂ ಹೇಳಿಕೊಂಡು ಬಂದಳು.

ಅಕ್ಕ ಒಳಗಿನ ಕತ್ತಲೆಯಲ್ಲಿ ಹೊಲಿಯಲಾರದೆ ಯಂತ್ರವನ್ನು ಹಗಲೆಲ್ಲ ಮನೆಯ ಮುಂದೆ ಬಯಲಿನಲ್ಲಿ ಇಟ್ಟುಕೊಂಡಳು. ಬಿಸಿಲು ಬಂದರೆ ಹಳೆಯ ಚಾದರ ಕಟ್ಟುತ್ತಿದ್ದಳು, ಹನಿ ಬಿದ್ದರೆ ಗಂಡನನ್ನು ಕೂಗಿ ಯಂತ್ರ ಒಳಗೆ ಎತ್ತಿಸುತ್ತಿದ್ದಳು. ಬೀದಿಯಲ್ಲಿ ಕೂತವಳ ಹತ್ತಿರ ಬೀದಿಯ ಜನ ನಿಂತು ಮಾತಾಡತೊಡಗಿದರು. ನೀರು ಬಾರದ್ದು, ಶಾಲೆಯ ಮಾಡು ಸೋರುವುದು, ದೀಪ ಉರಿಯದ್ದು. ಅವಳು ಸೂಜಿಗೆ ದಾರ ಪೋಣಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಗಿರಣಿಯಮ್ಮ ಆ ದಾರಿಯಲ್ಲಿ ಬಂದರೆ ಮಾತ್ರ ಯಂತ್ರದ ಸದ್ದು ಜೋರಾಗುತ್ತಿತ್ತು.

ಮುಂದಿನ ಚುನಾವಣೆ ಹತ್ತಿರ ಬಂದಾಗ ಯಜಮಾನರು ತಾವೇ ನಡೆದು ಹೊಲಿಗೆಯಕ್ಕನ ಬಳಿ ಹೋದರು.

"ನೀನು ನಿಲ್ಲಮ್ಮ. ನಿನಗಾದ ಅನ್ಯಾಯ ಊರು ಮರೆತಿಲ್ಲ. ನಾನಿದ್ದೀನಿ ಹಿಂದೆ."

"ನಿಲ್ತೀನಿ" ಎಂದಳು ಅವಳು. "ನಿಮ್ಮ ಅಳತೆ ಹಾಗೇ ಇದೆಯಾ, ಸ್ವಲ್ಪ ದಪ್ಪ ಆಗಿದ್ದೀರಾ?"

ಅವಳು ಗೆದ್ದಳು. ತಂಗಿಯೂ ತನ್ನ ಕೇರಿಯಿಂದ ಗೆದ್ದಳು. ಈ ಸಲ ಅಧ್ಯಕ್ಷ ಸ್ಥಾನಕ್ಕೆ ಮೀಸಲಾತಿ ಇರಲಿಲ್ಲ, ಯಾರು ಬೇಕಾದರೂ ನಿಲ್ಲಬಹುದಿತ್ತು. ಯಜಮಾನರು ನಿಂತರು. ಹಾಲಿನವಳು ಗಿರಣಿಯಮ್ಮನ ಹೆಸರು ಸೂಚಿಸಿದಳು. ಯಜಮಾನರು ಒಂದೊಂದು ಕೈಯನ್ನೂ ಮೊದಲೇ ಎಣಿಸಿಟ್ಟಿದ್ದರು. ಒಂದು ಕೈಯಷ್ಟು ಅವರದೇ ಮೇಲಿತ್ತು, ಆ ಕೈ ಹೊಲಿಗೆಯಕ್ಕನದು.

ಗಿರಣಿಯಮ್ಮನ ಪರ ಇರುವವರು ಕೈ ಎತ್ತಿ ಎಂದಾಗ ಹೊಲಿಗೆಯಕ್ಕ ಕಿಟಕಿಯ ಆಚೆ ನೋಡುತ್ತ ಕೈ ಎತ್ತಿದಳು. ಎಣಿಸುತ್ತಿದ್ದ ಅಧಿಕಾರಿ ಎರಡು ಸಲ ಎಣಿಸಿದ. ಗಿರಣಿಯಮ್ಮ ತಲೆ ತಗ್ಗಿಸಿ ಮೇಜಿನ ಮೇಲೆ ಎರಡೂ ಅಂಗೈ ಊರಿ ಕೂತಳು. ಒಂದು ಕೈಯ ಅಂತರದಲ್ಲಿ ಅವಳು ಮತ್ತೆ ಅಧ್ಯಕ್ಷೆಯಾದಳು.

ಹೊರಗೆ ಯಜಮಾನರು ಹೊಲಿಗೆಯಕ್ಕನನ್ನು ತಡೆದರು. "ಏನಮ್ಮ ಇದು? ನಿನ್ನ ಮನೆ ಕೆಡವಿದವಳಿಗೆ ಕೈ ಎತ್ತಿದೆಯಲ್ಲ!"

"ಕೆಡವಿದಳಲ್ಲ, ಅದಕ್ಕೇ. ಒಡಹುಟ್ಟಿದ ನನ್ನನ್ನೇ ಬಿಡದವಳು ನಿಮ್ಮನ್ನ ಬಿಡ್ತಾಳಾ?"

"ಹಾಗಾದ್ರೆ ಕೋಪ ಹೋಯ್ತು ಅನ್ನು."

"ಕೋಪ ನನ್ನದು, ಅದು ಮನೇಲಿದೆ. ಅದನ್ನ ಯಾಕೆ ಇಲ್ಲಿಗೆ ಹೊತ್ಕೊಂಡು ಬರಲಿ?"

ಕೋಪ ನಿಜವಾಗಿಯೂ ಮನೆಯಲ್ಲಿತ್ತು. ಗೆದ್ದ ಸಂಜೆ ತಂಗಿ ಅಕ್ಕನ ಬಾಗಿಲಿಗೆ ಹೋದಳು. ಭಾವ ಕುರ್ಚಿ ಹಾಕಿದ, ಚಹಾ ಕೊಟ್ಟ, ಮಕ್ಕಳು ಹೇಗಿದ್ದಾರೆಂದು ಕೇಳಿದ. ಅಕ್ಕ ಒಳಗಿನಿಂದ ಹೊರಗೆ ಬರಲೇ ಇಲ್ಲ. ಲೋಟ ಖಾಲಿಯಾದ ಮೇಲೆ ತಂಗಿ ಎದ್ದು ಬಂದಳು.

ಸಭೆಯಲ್ಲಿ ಬೇರೆಯೇ ಕಥೆ. ಮೊದಲ ಸಭೆಯಲ್ಲೇ ಹೊಲಿಗೆಯಕ್ಕ ಎದ್ದು ನಿಂತಳು.

"ಅಧ್ಯಕ್ಷರೇ, ಒಂದು ಪ್ರಶ್ನೆ ಇದೆ."

ಎಷ್ಟೋ ಕಾಲದ ನಂತರ ಅಕ್ಕ ತಂಗಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಗಿರಣಿಯಮ್ಮ, "ಸದಸ್ಯರು ಕೇಳಬಹುದು" ಎಂದಳು.

"ಚರಂಡಿ ಆಯ್ತು, ಒಳ್ಳೇದು. ಅದರ ಮೇಲೆ ಬದುಕು ಮಾಡ್ಕೊಂಡಿದ್ದವರು ಏನು ಮಾಡಬೇಕು ಅಂತ ಆಗ ಒಬ್ಬರಾದ್ರೂ ಯೋಚನೆ ಮಾಡಿದ್ರಾ? ಮೊದಲು ಜಾಗ ತೋರಿಸಿ ಆಮೇಲೆ ಕೆಡವಬಹುದಿತ್ತಲ್ಲ? ನಿಮ್ಮ ತೀರ್ಮಾನ ಸರಿ, ಮಾಡಿದ ರೀತಿ ತಪ್ಪು."

ಯಜಮಾನರು ಸುಖವಾಗಿ ಕುರ್ಚಿಗೆ ಒರಗಿದರು. ಗಿರಣಿಯಮ್ಮ, "ಹೌದು, ತಪ್ಪು" ಎಂದಳು. "ಅವತ್ತು ನನಗೆ ಹೊಳೆದದ್ದು ಒಂದು ದೀಪ ಮಾತ್ರ. ಸದಸ್ಯರ ಸಲಹೆ ಏನು?"

ಸಲಹೆ ಸಿದ್ಧವಾಗಿತ್ತು. ಪಂಚಾಯಿತಿ ಕಟ್ಟಡದ ಪಕ್ಕದ ಖಾಲಿ ಜಾಗದಲ್ಲಿ, ಬೆಳಕು ಬರುವಂತೆ, ಸಾಲಾಗಿ ಕೋಣೆಗಳು. ಇನ್ನು ಮುಂದೆ ಯಾರದೇ ದುಡಿಮೆಯ ಜಾಗ ತೆಗೆಯುವ ಮೊದಲು ಬದಲಿ ತೋರಿಸಲೇಬೇಕೆಂಬ ನಿಯಮ. ಮೂರು ಸಭೆ ಅದರ ಮೇಲೆ ವಾದ ನಡೆಯಿತು. ಕಿಟಕಿ ಎಷ್ಟು ದೊಡ್ಡದಿರಬೇಕೆಂದು ಅಧ್ಯಕ್ಷೆಗೂ ಸದಸ್ಯೆಗೂ ಹತ್ತಿದ ಜಗಳದಲ್ಲಿ ಉಳಿದವರಿಗೆ ಬಾಯಿ ಹಾಕಲು ಜಾಗವೇ ಸಿಗಲಿಲ್ಲ. ಒಬ್ಬಳು ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದವಳು, ಇನ್ನೊಬ್ಬಳು ಬೀದಿಯಲ್ಲಿ ಕೂತು ಪಳಗಿದವಳು. ಕೊನೆಗೆ ಕೋಣೆಗಳಾದವು. ಭಾವ ತನ್ನ ಹಳೆಯ ಇಟ್ಟಿಗೆಗಳನ್ನು ಅಲ್ಲಿಗೆ ತಂದು ಕೊಟ್ಟ.

"ಇಬ್ಬರನ್ನೂ ಒಟ್ಟಿಗೆ ನೋಡಬೇಕು ಅಂದ್ರೆ ಈಗ ಸಭೆಗೇ ಬರಬೇಕು" ಎಂದು ಅವನು ಗಿರಣಿಯಲ್ಲಿ ತನ್ನ ಷಡ್ಡಕನಿಗೆ ಹೇಳುತ್ತಿದ್ದ. ಇಬ್ಬರೂ ನಗುತ್ತಿದ್ದರು. ಹೆಂಡತಿಯರ ಮುಂದೆ ಮಾತ್ರ ಯಾರೂ ನಗುತ್ತಿರಲಿಲ್ಲ.

ಒಂದು ಚಳಿಗಾಲ ಗಿರಣಿಯಮ್ಮನಿಗೆ ಎದೆಯಲ್ಲಿ ಕಫ ಕಟ್ಟಿ, ಪಟ್ಟಣದ ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ತಿಂಗಳ ಸಭೆಯನ್ನು ಉಪಾಧ್ಯಕ್ಷ ನಡೆಸಿದ. ಬೀದಿ ದೀಪದ ವಿಷಯ ಬಂದಾಗ ಎಲ್ಲರೂ ಹೊಲಿಗೆಯಕ್ಕನ ಕಡೆ ತಿರುಗಿದರು. ಯಾವ ಕೇರಿಗೆ ಮೊದಲು ದೀಪ ಎಂಬ ಬಗ್ಗೆ ಅವಳಿಗೂ ಅಧ್ಯಕ್ಷೆಗೂ ಹಿಂದಿನ ಸಭೆಯಿಂದಲೇ ಭಿನ್ನಾಭಿಪ್ರಾಯವಿತ್ತು. ಅಧ್ಯಕ್ಷೆ ಇಲ್ಲದ ಈ ದಿನ ಅವಳು ಬಾಯಿಬಿಟ್ಟಿದ್ದರೆ ಅವಳದೇ ಮಾತು ನಡೆಯುತ್ತಿತ್ತು.

"ಇದನ್ನ ಮುಂದಕ್ಕೆ ಹಾಕಿ" ಎಂದಳು.

"ಯಾಕಮ್ಮ? ಇವತ್ತೇ ಮುಗಿಸಬಹುದಲ್ಲ" ಎಂದ ಉಪಾಧ್ಯಕ್ಷ.

"ಅವರು ಬರಲಿ. ಇದು ಅವರ ಜೊತೆ ಜಗಳ ಆಡೋ ವಿಷಯ."

ಮುಂದಿನ ಸಭೆಗೆ ಗಿರಣಿಯಮ್ಮ ಬಂದಳು. ಕೆನ್ನೆ ಒಳಗೆ ಹೋಗಿತ್ತು, ಮೆಟ್ಟಿಲು ಹತ್ತಲು ಗಂಡನ ತೋಳು ಹಿಡಿದಿದ್ದಳು. ಗಂಡ ಬಾಗಿಲವರೆಗೆ ಬಿಟ್ಟು ಹಿಂದಿರುಗಿದ. ಅವಳು ಕುರ್ಚಿಯಲ್ಲಿ ಕೂತು ಉಸಿರು ತಹಬದಿಗೆ ಬರುವವರೆಗೆ ಕಾದಳು. ಆಮೇಲೆ ಸಭೆ ಶುರುವಾಯಿತೆಂದಳು.

ಹೊಲಿಗೆಯಕ್ಕ ಎದ್ದು ನಿಂತಳು. ಕಾರ್ಯದರ್ಶಿ ಪೆನ್ನು ತೆರೆದ.

"ಅಧ್ಯಕ್ಷರೇ, ಒಂದು ಪ್ರಶ್ನೆ."

"ಸದಸ್ಯರು ಕೇಳಬಹುದು."

"ಜ್ವರ ಪೂರ್ತಿ ಬಿಟ್ಟಿದೆಯಾ? ರಾತ್ರಿ ಕೆಮ್ಮು ಬರುತ್ತಾ?"

ಕಾರ್ಯದರ್ಶಿ ಪೆನ್ನನ್ನು ಕಾಗದದ ಮೇಲೆ ಹಿಡಿದು ಇಬ್ಬರ ಮುಖವನ್ನೂ ನೋಡಿದ. "ಇದನ್ನ ಬರ್ಕೊಳ್ಳಲಾ ಮೇಡಂ?"

"ಬರ್ಕೊಳ್ಳಿ. ಸದಸ್ಯರು ಸಭೆಯಲ್ಲಿ ಕೇಳಿದ್ದಾರೆ" ಎಂದಳು ಗಿರಣಿಯಮ್ಮ. ಕಣ್ಣು ಮೇಜಿನ ಮೇಲೆಯೇ ಇತ್ತು. "ಜ್ವರ ಬಿಟ್ಟಿದೆ. ಕೆಮ್ಮು ಬೆಳಗಿನ ಜಾವ ಸ್ವಲ್ಪ ಬರುತ್ತೆ. ಸದಸ್ಯರು ಕೂತ್ಕೋಬಹುದು."

ಹೊಲಿಗೆಯಕ್ಕ ಕೂರಲಿಲ್ಲ. "ದೀಪದ ವಿಷಯ ಮುಂದಕ್ಕೆ ಹಾಕಿಸಿದ್ದು ನಾನು. ಮೊದಲು ನಮ್ಮ ಬೀದಿಗೇ ಹಾಕಬೇಕು. ಕಾರಣ ಹೇಳ್ತೀನಿ" ಎಂದು ಶುರುಮಾಡಿದಳು.

ಗಿರಣಿಯಮ್ಮ ಪೂರ್ತಿ ಕೇಳಿಸಿಕೊಂಡು, ಆಗುವುದಿಲ್ಲ ಎಂದಳು. ಸಭೆ ಬಹಳ ಹೊತ್ತು ನಡೆಯಿತು.